ಲಕ್ಕಿ ಸೊಪ್ಪಿಗೆ ಊತ ಇಳಿಯುತ್ತಾ?

ಮಂಡಿ ಊದಿದರೆ ಅಜ್ಜಿ ಲಕ್ಕಿ ಸೊಪ್ಪು ಬಿಸಿ ಮಾಡಿ ಶಾಖ ಕೊಡ್ತಾರೆ.
ಊತ ಇಳಿಸೋದು ಸೊಪ್ಪಾ?
ಬರೀ ಬಿಸಿಯಾ?

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಕಡೆ
ಬೇಲಿಯಲ್ಲಿ, ಹಳ್ಳದ ದಂಡೆಯಲ್ಲಿ ಬೆಳೆಯೋ ಗಿಡ ಇದು.
ನೀಲಿ ಹೂ. ಗಾಢ ವಾಸನೆ.

ಇದು ಊತ ಇಳಿಸುತ್ತಾ ಅಂತ ವಿಜ್ಞಾನಿಗಳು ಪರೀಕ್ಷೆ ಮಾಡೋದು ಹೀಗೆ.
ಕೆಂಪು ಕಡಲಪಾಚಿಯಿಂದ ತೆಗೆದ ಕ್ಯಾರಜೀನನ್ ಅನ್ನೋ ವಸ್ತುವನ್ನ
ಇಲಿಯ ಪಾದಕ್ಕೆ ಚುಚ್ಚುತ್ತಾರೆ.
ಕೆಲವೇ ಗಂಟೆಗಳಲ್ಲಿ ಪಾದ ಊದುತ್ತೆ.
1962ರಿಂದ ಬಳಕೆಯಲ್ಲಿರೋ ವಿಧಾನ.

ಚುಚ್ಚೋ ಮೊದಲೇ ಒಂದು ಗುಂಪಿನ ಇಲಿಗಳಿಗೆ ಬರೀ ನೀರು.
ಒಂದಕ್ಕೆ ಸೊಪ್ಪಿನ ಸಾರ.
ಇನ್ನೊಂದಕ್ಕೆ, ಊತ ಇಳಿಸುತ್ತೆ ಅಂತ ಈಗಾಗಲೇ ಗೊತ್ತಿರೋ ಔಷಧ.
ಚುಚ್ಚಿದ ಮೇಲೆ ಗಂಟೆ ಗಂಟೆಗೂ ಪಾದ ಅಳೀತಾರೆ.

ಮೂರು ಗುಂಪು ಯಾಕೆ?
ಶಿಡ್ಲಘಟ್ಟದ ರೇಷ್ಮೆ ಗೂಡು ಮಾರುಕಟ್ಟೆ ನೆನಪಿಸಿಕೊಳ್ಳಿ.
ಪಕ್ಕದ ಲಾಟು ನೋಡದೆ ಈ ಲಾಟಿನ ಬೆಲೆ ಹೇಳೋಕಾಗುತ್ತಾ?
ಹಾಗೇ ಇದೂ. ಬೇರೆ ಗುಂಪಿನ ಜೊತೆ ಹೋಲಿಸಿದರೇನೇ ಸಾರ ಕೆಲಸ ಮಾಡ್ತಾ ಅಂತ ಗೊತ್ತಾಗೋದು.

2003ರಲ್ಲಿ ಶ್ರೀಲಂಕಾದ ವಿಜ್ಞಾನಿಗಳು
ಬಲಿತ ಹಸಿ ಲಕ್ಕಿ ಎಲೆಯ ಸಾರವನ್ನ ಇಲಿಗಳಿಗೆ ಕುಡಿಸಿದರು.
ಊತ ಕಡಿಮೆಯಾಯ್ತು. ನೋವೂ ಕಡಿಮೆಯಾಯ್ತು.
ದೇಹದಲ್ಲಿ ಊತ ತರೋ ಪ್ರೊಸ್ಟಗ್ಲಾಂಡಿನ್ ಅನ್ನೋ ರಾಸಾಯನಿಕದ ತಯಾರಿಯನ್ನ
ಈ ಸಾರ ತಡೆಯುತ್ತಿರಬಹುದು ಅಂದರು.
ನಮ್ಮ ಎಷ್ಟೋ ನೋವಿನ ಮಾತ್ರೆಗಳು ಮಾಡೋದೂ ಇದನ್ನೇ!

ಆದರೆ ಒಂದು ವ್ಯತ್ಯಾಸ ಗಮನಿಸಿ.
ಇಲಿಗಳು ಕುಡಿದದ್ದು ಸಾರ. ಮನೆಯಲ್ಲಿ ಕೊಡೋದು ಶಾಖ.
ಮನುಷ್ಯರಿಗೆ ಎಷ್ಟು ಕೊಡಬೇಕು, ಎಷ್ಟು ದಿನ ಕೊಟ್ಟರೆ ಕ್ಷೇಮ,
ಇದು ಇಲಿಯ ಪಾದದಿಂದ ತಿಳಿಯಲ್ಲ.
ಮನುಷ್ಯರ ಮೇಲಿನ ಪರೀಕ್ಷೆಯೇ ಬೇಕು.

ಹಾಗಾಗಿ ಈ ವಿಡಿಯೋ ನೋಡಿ ಲಕ್ಕಿ ಕಷಾಯ ಕುಡಿಯೋಕೆ ಹೋಗಬೇಡಿ.
ಊತ ಇಳಿಯದಿದ್ದರೆ ವೈದ್ಯರಿಗೆ ತೋರಿಸಿ.
ಮನೆಯಲ್ಲಿ ಯಾವ ಸೊಪ್ಪು ಬಳಸಿದ್ದೀರಿ ಅನ್ನೋದನ್ನೂ ಅವರಿಗೆ ಹೇಳಿ.