ಕಣಕುಂಬಿಯ ಏರು ಎಷ್ಟು ಮೀಟರ್?

ಖಾನಾಪುರದ ಓದುಗರೊಬ್ಬರು ಒಂದು ತಕರಾರು ಕಳಿಸಿದ್ದಾರೆ. ಅವರೂ ಅವರ ಗೆಳೆಯರೂ ಬೆಳಗಾವಿಯಿಂದ ಹೊರಟು ಜಾಂಬೋಟಿ ಮೇಲೆ ಹಾದು ಕಣಕುಂಬಿವರೆಗೆ ಸೈಕಲ್ ತುಳಿದರಂತೆ. ಇವರ ಜೇಬಿನಲ್ಲಿ ಮೊಬೈಲ್ ಆ್ಯಪ್, ಗೆಳೆಯರ ಹ್ಯಾಂಡಲ್ ಮೇಲೆ ಸೈಕಲ್ ಕಂಪ್ಯೂಟರ್. ದೂರದ ಲೆಕ್ಕ ಹೆಚ್ಚುಕಡಿಮೆ ತಾಳೆಯಾಯಿತು. ಏರಿದ ಒಟ್ಟು ಎತ್ತರದ ಲೆಕ್ಕ ಮಾತ್ರ ತಾಳೆಯಾಗಲಿಲ್ಲ, ಮೊಬೈಲ್ ಕಾಲುಭಾಗದಷ್ಟು ಕಡಿಮೆ ತೋರಿಸಿತು. ‘ರಸ್ತೆ ಒಂದೇ, ಮೊಣಕಾಲು ನೋವೂ ಒಂದೇ. ಸುಳ್ಳು ಹೇಳಿದ್ದು ಯಾವುದು? ನಾನೂ ಕಂಪ್ಯೂಟರ್ ಕೊಳ್ಳಬೇಕೋ, ಫೋನೇ ಸಾಕೋ?’ ಎಂಬುದು ಪ್ರಶ್ನೆ.

ಈ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ರಸ್ತೆ ಸಿಗಲಾರದು. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಮಲಪ್ರಭೆ ಹುಟ್ಟುವ ಕಣಕುಂಬಿ ಸುಮಾರು 790. ಕೂಡಿ ಕಳೆದರೆ ಏರಿದ್ದು ನಲವತ್ತೇ ಮೀಟರ್! ತುಳಿದವರಿಗೆ ಗೊತ್ತು, ನಡುವೆ ಎಷ್ಟು ದಿಣ್ಣೆ, ಎಷ್ಟು ಹಳ್ಳ ಎಂದು. ಆ ಸಣ್ಣ ಸಣ್ಣ ಏರುಗಳನ್ನೆಲ್ಲ ಯಂತ್ರ ಹೇಗೆ ಕೂಡಿಸುತ್ತದೆ ಎಂಬುದರಲ್ಲೇ ಜಗಳದ ಮೂಲ ಇದೆ.

ಮೊದಲು ಒಂದು ತಪ್ಪುಕಲ್ಪನೆ ಬಿಡಿಸೋಣ. ಕಂಪ್ಯೂಟರಿಗೆ ‘ಬೇರೆ ಜಿಪಿಎಸ್’ ಇಲ್ಲ. 20,200 ಕಿಲೋಮೀಟರ್ ಮೇಲಿನಿಂದ ಬರುವ ಅದೇ ಸಂಕೇತವನ್ನೇ ಎರಡೂ ಕೇಳಿಸಿಕೊಳ್ಳುತ್ತವೆ. ಅದಕ್ಕೆ ಸಿಮ್ ಬೇಡ, ಟವರ್ ಬೇಡ. ಭೀಮಗಡದ ಕಾಡಂಚಿನಲ್ಲಿ ನೆಟ್‌ವರ್ಕ್ ಸತ್ತರೂ ಫೋನಿನ ಜಿಪಿಎಸ್ ಜೀವಂತವಾಗಿಯೇ ಇರುತ್ತದೆ. ಸಾಯುವುದು ಮೊದಲೇ ಇಳಿಸಿಟ್ಟುಕೊಳ್ಳದ ನಕ್ಷೆ.

ಬಯಲಿನಲ್ಲಿ ಫೋನಿನ ಜಿಪಿಎಸ್ ನಿಮ್ಮ ಜಾಗವನ್ನು ಸುಮಾರು 5 ಮೀಟರ್ ಅಂತರದೊಳಗೆ ಹೇಳಬಲ್ಲದು. ಎತ್ತರದ ವಿಷಯ ಬಂದರೆ ತಪ್ಪು ಒಂದೂವರೆ ಪಟ್ಟಿನಿಂದ ಮೂರು ಪಟ್ಟಿನವರೆಗೆ ಹಿಗ್ಗುತ್ತದೆ. ಕಾರಣ ಸರಳ. ಚಪ್ಪರದ ಕಂಬಕ್ಕೆ ನಾಲ್ಕೂ ದಿಕ್ಕಿನಿಂದ ಹಗ್ಗ ಬಿಗಿದರೆ ಅದು ಅತ್ತಿತ್ತ ವಾಲುವುದಿಲ್ಲ, ಪೂರ್ವದ ಹಗ್ಗದ ಎಳೆತವನ್ನು ಪಶ್ಚಿಮದ ಹಗ್ಗ ತಡೆಯುತ್ತದೆ. ಉಪಗ್ರಹಗಳೂ ನಿಮ್ಮನ್ನು ನಾಲ್ಕು ದಿಕ್ಕಿನಿಂದ ಹೀಗೇ ಹಿಡಿದಿರುತ್ತವೆ. ಆದರೆ ಮೇಲಿನ ಹಿಡಿತಕ್ಕೆ ಎದುರಾಗಿ ಕೆಳಗಿನಿಂದ ಹಿಡಿಯುವವರು ಯಾರೂ ಇಲ್ಲ. ಭೂಮಿಯ ಆಚೆ ಬದಿಯ ಉಪಗ್ರಹದ ದನಿ ನೆಲ ತೂರಿ ಬರುವುದಿಲ್ಲ. ಈಗ ಫೋನಿನ ಪೆಟ್ಟಿಗೆ ಮೇಲೆ ‘ನಾವಿಕ್ ಇದೆ’ ಎಂದು, ಅಂದರೆ ಭಾರತದ್ದೇ ಉಪಗ್ರಹಗಳ ಸಂಕೇತವನ್ನೂ ಕೇಳಬಲ್ಲದು ಎಂದು, ದೊಡ್ಡದಾಗಿ ಬರೆಯುವುದುಂಟು. 2023ರ ಮೇ 29ರಂದು ಹಾರಿದ ನಾವಿಕ್ ಉಪಗ್ರಹ ಎನ್‌ವಿಎಸ್-01 ನಮ್ಮದೇ ರುಬಿಡಿಯಂ ಗಡಿಯಾರ ಹೊತ್ತು ಹೋಯಿತೆಂಬುದು ನನಗೂ ಹೆಮ್ಮೆಯೇ. ಹೆಚ್ಚು ಉಪಗ್ರಹ ಕಂಡಷ್ಟೂ ಒಳ್ಳೆಯದು ಎಂಬುದೂ ನಿಜ. ಆದರೆ ಅವೂ ಇರುವುದು ಮೇಲೆಯೇ.

ಹಾಗಾಗಿ ಒಳ್ಳೆಯ ಸೈಕಲ್ ಕಂಪ್ಯೂಟರ್ ಎತ್ತರವನ್ನು ಆಕಾಶದಿಂದ ಕೇಳುವುದಿಲ್ಲ, ಗಾಳಿಯಿಂದ ಕೇಳುತ್ತದೆ. ಅದರ ಬೆನ್ನಿನಲ್ಲೋ ಅಂಚಿನಲ್ಲೋ ಒಂದು ಪುಟ್ಟ ತೂತು, ಒಳಗೆ ಎರಡೂವರೆ ಮಿಲಿಮೀಟರಿನ ಒತ್ತಡಮಾಪಕ ಚಿಪ್. ಈ ಉಪಾಯದ ಕಥೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ.

1648ರ ಸೆಪ್ಟೆಂಬರ್ 19. ಫ್ರಾನ್ಸಿನ ಕ್ಲೆರ್ಮೋಂ ಊರಿನ ಫ್ಲೋರಾಂ ಪೆರಿಯೆ ಎಂಬಾತ ಪಾದರಸ, ಗಾಜಿನ ಕೊಳವೆ ಹಿಡಿದು ಊರಿನ ಕೆಲವು ಗಣ್ಯರ ಜೊತೆ ಪ್ಯೂಯಿ ದ ದೋಮ್ ಎಂಬ ಬೆಟ್ಟ ಹತ್ತಿದ. ಹತ್ತಿಸಿದ್ದು ಅವನ ಭಾವಮೈದುನ ಬ್ಲೇಸ್ ಪಾಸ್ಕಲ್. ನಾವು ಗಾಳಿಯ ಸಮುದ್ರದ ತಳದಲ್ಲಿ ಬದುಕುತ್ತಿದ್ದೇವೆ ಎಂಬುದು ನಿಜವಾದರೆ, ಮೇಲೆ ಹೋದಂತೆ ಗಾಳಿಯ ಭಾರ ಕಡಿಮೆಯಾಗಿ ಪಾದರಸ ಇಳಿಯಬೇಕು ಎಂಬುದು ಪಾಸ್ಕಲನ ವಾದ. ಆತ ಪ್ಯಾರಿಸ್ಸಿನಲ್ಲಿ ಕೂತಿದ್ದ, ಬೆಟ್ಟ ಹತ್ತುವ ಬೆವರು ಭಾವನದು. ತುದಿಯಲ್ಲಿ ಪಾದರಸ ಸುಮಾರು ಎಂಟೂವರೆ ಸೆಂಟಿಮೀಟರ್ ಇಳಿದಿತ್ತು. ನೋಡಿದವರೆಲ್ಲ ಬೆರಗಾದರು.

ಆದರೆ ಈ ಪ್ರಯೋಗದ ನಿಜವಾದ ಜಾಣತನ ಬೆಟ್ಟದ ತುದಿಯಲ್ಲಿರಲಿಲ್ಲ. ಹೊರಡುವ ಮುನ್ನ ಪೆರಿಯೆ ಅಂಥದೇ ಇನ್ನೊಂದು ಕೊಳವೆಯನ್ನು ಕೆಳಗಿನ ಮಠದ ತೋಟದಲ್ಲಿ ನಿಲ್ಲಿಸಿ, ಶಾಸ್ತಾಂ ಎಂಬ ಪಾದ್ರಿಯನ್ನು ದಿನವಿಡೀ ಅದನ್ನು ನೋಡುತ್ತಾ ಕೂರಲು ಹೇಳಿದ್ದ. ಕೆಳಗಿನ ಪಾದರಸ ಕದಲಲಿಲ್ಲ ಎಂದು ಪಾದ್ರಿ ಹೇಳಿದ್ದರಿಂದಲೇ ಮೇಲಿನದು ಇಳಿದದ್ದು ಎತ್ತರದಿಂದ, ಹವಾಮಾನದಿಂದಲ್ಲ ಎಂದು ಖಾತ್ರಿಯಾಯಿತು. ಅಂದಹಾಗೆ, ಅದೇ ಬೆಟ್ಟವನ್ನು 1952ರಲ್ಲಿ ಟೂರ್ ದ ಫ್ರಾನ್ಸ್ ಸೈಕಲ್ ಸವಾರರು ಮೊದಲ ಬಾರಿಗೆ ಹತ್ತಿದರು, ಅಂದು ಗೆದ್ದವನು ಫಾಸ್ಟೋ ಕೊಪ್ಪಿ. 2023ರಲ್ಲಿ ಟೂರ್ ಮತ್ತೆ ಅಲ್ಲಿಗೆ ಬಂದಾಗ ಹ್ಯಾಂಡಲ್‌ಗಳ ಮೇಲಿದ್ದ ಪುಟ್ಟ ಪೆಟ್ಟಿಗೆಗಳು ಪಾಸ್ಕಲನ ಪ್ರಯೋಗವನ್ನೇ ಸೆಕೆಂಡಿಗೊಮ್ಮೆ ಮಾಡುತ್ತಾ ಹೋದವು.

ಬೆಳಗಾವಿಯ ಎತ್ತರದಲ್ಲಿ ಸುಮಾರು 9 ಮೀಟರ್ ಏರಿದರೆ ಒತ್ತಡ 1 ಹೆಕ್ಟೊಪ್ಯಾಸ್ಕಲ್ ಕುಗ್ಗುತ್ತದೆ. ಇಂದಿನ ಚಿಪ್ ಒಂದು ಮೀಟರಿನ ವ್ಯತ್ಯಾಸವನ್ನೂ ಗುರುತಿಸಬಲ್ಲದು. ಜಾಂಬೋಟಿ ದಾರಿಯ ಒಂದೊಂದು ದಿಣ್ಣೆಯೂ ಅದಕ್ಕೆ ಕಾಣುತ್ತದೆ. ಕೊರತೆ ಒಂದೇ: ಕೆಳಗೆ ಕೂತು ನೋಡುವ ಪಾದ್ರಿ ಈ ಪೆಟ್ಟಿಗೆಗಿಲ್ಲ. ಒತ್ತಡ ತಾನಾಗಿಯೇ ಬದಲಾದರೆ ನೀವೇ ಹತ್ತಿದಿರಿ, ಇಲ್ಲವೇ ಇಳಿದಿರಿ ಎಂದುಕೊಳ್ಳುತ್ತದೆ. ನಮ್ಮಂಥ ಉಷ್ಣವಲಯದಲ್ಲಿ ಒತ್ತಡಕ್ಕೆ ದಿನಕ್ಕೆರಡು ಉಬ್ಬರ, ಎರಡು ಇಳಿತ ಇವೆ. ಬೆಳಿಗ್ಗೆ ಹತ್ತರ ಸುಮಾರಿಗೆ ಏರಿರುತ್ತದೆ, ಸಂಜೆ ನಾಲ್ಕಕ್ಕೆ ಇಳಿದಿರುತ್ತದೆ. ಬಿಸಿಲು ಮೇಲಿನ ವಾಯುಮಂಡಲವನ್ನು ಕಾಯಿಸುವುದರಿಂದ ಏಳುವ ಅಲೆ ಇದು. ದಕ್ಷಿಣ ಅಮೆರಿಕದಲ್ಲಿ ಇದನ್ನು ಕಂಡ ವಿಜ್ಞಾನಿ ಹಂಬೋಲ್ಟ್, ಒತ್ತಡಮಾಪಕ ನೋಡಿಯೇ ಗಂಟೆ ಹೇಳಬಹುದು ಎಂದು ಬೆರಗುಪಟ್ಟಿದ್ದ. ಎರಡು ಮೂರು ಹೆಕ್ಟೊಪ್ಯಾಸ್ಕಲ್‌ನ ಈ ಏರಿಳಿತದಿಂದ ಹತ್ತಕ್ಕೆ ಹೊರಟು ನಾಲ್ಕಕ್ಕೆ ಮನೆಗೆ ಮರಳಿದವರ ಮನೆ ಇಪ್ಪತ್ತು ಮೀಟರ್ ಮೇಲೆದ್ದಿರುತ್ತದೆ! ಆರಿದ್ರಾ ಮಳೆಯಲ್ಲಿ ವಾಯುಭಾರ ಕುಸಿದರೆ ಇನ್ನೂ ಹೆಚ್ಚು. ಕೆಸರೋ ಮಳೆಹನಿಯೋ ಆ ತೂತು ಮುಚ್ಚಿತೆಂದರೆ ಮುಗಿಯಿತು, ಸಮತಟ್ಟಾದ ರಸ್ತೆಯೂ ಮೆಟ್ಟಿಲಾಗುತ್ತದೆ.

ಫೋನಿನ ಕಥೆ ಬೇರೆ. ದುಬಾರಿ ಫೋನುಗಳಲ್ಲಿ ಒತ್ತಡಮಾಪಕ ಇರುತ್ತದೆ, ಅಗ್ಗದವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಇಲ್ಲದಿದ್ದಾಗ ಅನೇಕ ಆ್ಯಪ್‌ಗಳು ನೀವು ಹೋದ ದಾರಿಯನ್ನು ನಕ್ಷೆಯ ಮೇಲಿಟ್ಟು, ಅಲ್ಲಿ ದಾಖಲಾಗಿರುವ ಎತ್ತರಗಳನ್ನು ತೆಗೆದುಕೊಳ್ಳುತ್ತವೆ. ಅಂಥ ದಾಖಲೆಗಳಲ್ಲಿ ಜಗತ್ತಿನಾದ್ಯಂತ ಬಳಕೆಯಲ್ಲಿರುವುದು 2000ದ ಫೆಬ್ರುವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ಹನ್ನೊಂದು ದಿನ ಸುತ್ತಿ ರಾಡಾರಿನಿಂದ ಅಳೆದದ್ದು. ಅದ್ಭುತ ಕೆಲಸ ಅದು. ಆದರೆ ಆ ರಾಡಾರ್ ಅಲೆ ದಟ್ಟ ಕಾಡಿನಲ್ಲಿ ನೆಲ ಮುಟ್ಟುವ ಮೊದಲೇ ಎಲೆಕೊಂಬೆಗಳಿಂದ ವಾಪಸಾಗುತ್ತದೆ. ಖಾನಾಪುರ ತಾಲ್ಲೂಕಿನ ಪಶ್ಚಿಮದ ಕಾಡುರಸ್ತೆಗಳಲ್ಲಿ ಅಂಥ ನಕ್ಷೆ ನಂಬಿದವರು, ಲೆಕ್ಕದ ಪ್ರಕಾರ, ಅಲ್ಲಲ್ಲಿ ಮರದ ನೆತ್ತಿಯ ಮೇಲೆ ಸೈಕಲ್ ತುಳಿದಿರುತ್ತಾರೆ.

ಇಂಥ ಕಚ್ಚಾ ಅಂಕಿಗಳನ್ನು ಹಾಗೇ ಕೂಡಿಸಿದರೆ ಪ್ರತಿ ತಪ್ಪೂ ಏರಾಗಿಬಿಡುತ್ತದೆ. ಅದಕ್ಕೇ ಆ್ಯಪ್‌ಗಳು ಒಂದು ಮಿತಿ ಹಾಕಿಕೊಂಡಿವೆ. ಸ್ಟ್ರಾವಾ ಎಂಬ ಆ್ಯಪ್‌ನವರು ಕೊಡುವ ವಿವರಣೆಯಂತೆ ಒತ್ತಡಮಾಪಕದ ದಾಖಲೆ ಇದ್ದರೆ ಎರಡು ಮೀಟರ್ ಮೀರಿದ ಏರನ್ನೆಲ್ಲ ಕೂಡಿಸುತ್ತಾರೆ, ಇಲ್ಲದಿದ್ದರೆ ಹತ್ತು ಮೀಟರ್ ಮೀರಿದ್ದನ್ನು ಮಾತ್ರ. ಕಣಕುಂಬಿ ದಾರಿಯ ಆರು, ಎಂಟು ಮೀಟರಿನ ದಿಣ್ಣೆಗಳೆಲ್ಲ ನಮ್ಮ ಓದುಗರ ಖಾತೆಯಿಂದ ಹಾರಿಹೋದದ್ದು ಬಹುಶಃ ಹೀಗೆ. ಸುಳ್ಳು ಯಾವುದೂ ಹೇಳಲಿಲ್ಲ. ಒಟ್ಟು ಏರು ಎಂಬುದಕ್ಕೆ ಒಂದೇ ಸರಿಯುತ್ತರವಿಲ್ಲ, ಎಷ್ಟು ಸಣ್ಣ ಉಬ್ಬನ್ನು ಲೆಕ್ಕಕ್ಕೆ ಹಿಡಿಯುತ್ತೀರಿ ಎಂಬುದರ ಮೇಲೆ ಮೊತ್ತ ನಿಂತಿದೆ.

ದೂರದ ವಿಷಯದಲ್ಲಿ ನನ್ನ ಮತ ಹಳೆಯ ಕಾಲದ್ದಕ್ಕೆ. ಅಮೆರಿಕದ ಹಾರ್ಟ್‌ಫರ್ಡ್‌ನ ಕರ್ಟಿಸ್ ವೀಡರ್ 1895ರಲ್ಲಿ ಮಾರಿದ ಸೈಕ್ಲೋಮೀಟರಿನಲ್ಲಿ ಚಕ್ರದ ಕಡ್ಡಿಗೆ ಕಟ್ಟಿದ ಮೊಳೆಯೊಂದು ಸುತ್ತಿಗೊಮ್ಮೆ ಹಲ್ಲುಗಾಲಿಯನ್ನು ತಟ್ಟುತ್ತಿತ್ತು, ಅಷ್ಟೇ. ಮುಂದೆ ಅವನ ಕಂಪನಿಯ ವಂಶದಲ್ಲೇ ಪೆಟ್ರೋಲ್ ಪಂಪಿನ ಅಂಕಿಚಕ್ರಗಳೂ ಹುಟ್ಟಿದವು. ಇಂದು ಮೊಳೆಯ ಜಾಗದಲ್ಲಿ ಅಯಸ್ಕಾಂತ ಇದೆ, ತತ್ವ ಅದೇ. ಮುಂಚಕ್ರದ ಸುತ್ತಳತೆ ಸರಿಯಾಗಿ ಕೊಟ್ಟರಾಯಿತು. 700-25 ಟಯರಿಗೆ ಸುಮಾರು 2,105 ಮಿಲಿಮೀಟರ್. ನೆಲಕ್ಕೆ ಸುಣ್ಣದ ಗೆರೆ ಹಾಕಿ, ಸೈಕಲ್ ಮೇಲೆ ಕೂತೇ ಒಂದು ಸುತ್ತು ಉರುಳಿಸಿ ಅಳೆಯುವುದು ಇನ್ನೂ ಉತ್ತಮ. ಮರದಡಿ ಜಿಪಿಎಸ್ ತಡವರಿಸುತ್ತದೆ, ತಿರುವಿನಲ್ಲಿ ಮೂಲೆ ಕತ್ತರಿಸುತ್ತದೆ. ಚಕ್ರ ಚೋರ್ಲಾ ಘಾಟಿನ ಪ್ರತಿ ತಿರುವನ್ನೂ ಉರುಳಿಯೇ ದಾಟಬೇಕು.

ಇನ್ನು ಮಳೆ. ಮೊಬೈಲ್ ಪರದೆ ಬೆರಳನ್ನು ಗುರುತಿಸುವುದು ಬೆರಳು ತರುವ ವಿದ್ಯುತ್ ಧಾರಕತೆಯ ಬದಲಾವಣೆಯಿಂದ. ನೀರೂ ಅದೇ ಬದಲಾವಣೆ ತರುತ್ತದೆ. ಜೂನ್, ಜುಲೈನಲ್ಲಿ ಜಾಂಬೋಟಿ ಕಡೆ ಹೋದವರ ಫೋನು ತನ್ನಷ್ಟಕ್ಕೇ ಯಾರಿಗೋ ಕರೆ ಮಾಡಿದರೆ ಅದು ದೆವ್ವದ ಕಾಟವಲ್ಲ. ಕಂಪ್ಯೂಟರುಗಳು ಗುಂಡಿ ಉಳಿಸಿಕೊಂಡಿರುವುದು ಇದಕ್ಕೇ. ಬಿಸಿಲಲ್ಲೂ ಅವುಗಳದೇ ಮೇಲುಗೈ. ಫೋನು ಸೂರ್ಯನ ಜೊತೆ ಪೈಪೋಟಿಗೆ ಬಿದ್ದು ಬೆಳಕು ಸುರಿಯುತ್ತದೆ. ಹಲವು ಕಂಪ್ಯೂಟರುಗಳ ಪರದೆ ಸೂರ್ಯನ ಬೆಳಕನ್ನೇ ಪ್ರತಿಫಲಿಸಿ ಅಕ್ಷರ ತೋರಿಸುತ್ತದೆ. ಬ್ಯಾಟರಿ ತಿನ್ನುವುದು ಪರದೆ, ಜಿಪಿಎಸ್ ಅಷ್ಟಾಗಿ ತಿನ್ನುವುದಿಲ್ಲ. ಬ್ರೆವೆ ಎಂಬ ದೂರದ ಸೈಕಲ್ ಸವಾರಿಯಲ್ಲಿ 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ ಗಡುವು. ಪರದೆ ಹೊತ್ತಿಸಿಟ್ಟ ಫೋನು ಅಷ್ಟು ಹೊತ್ತು ಬಾಳುವುದು ಕಷ್ಟ.

ಅದಕ್ಕೇ ಓದುಗರಿಗೆ ನನ್ನ ಸಲಹೆ: ಫೋನನ್ನು ಹ್ಯಾಂಡಲಿಗೆ ಕಟ್ಟಬೇಡಿ. ಪರದೆ ಆರಿಸಿ, ನೀರು ತಾಗದ ಚೀಲದಲ್ಲಿ ಜೇಬಿಗೆ ಹಾಕಿ, ಆ್ಯಪ್‌ಗೆ ಹಿನ್ನೆಲೆಯಲ್ಲಿ ಓಡಲು ಅನುಮತಿ ಕೊಡಿ. ಟವರ್ ಇಲ್ಲದ ಕಡೆ ಏರ್‌ಪ್ಲೇನ್ ಮೋಡ್ ಹಾಕಿ. ಟವರ್ ಹುಡುಕುತ್ತಾ ಬ್ಯಾಟರಿ ಸುಡುವುದು ನಿಲ್ಲುತ್ತದೆ, ಈಗಿನ ಫೋನುಗಳಲ್ಲಿ ಜಿಪಿಎಸ್ ನಡೆದೇ ಇರುತ್ತದೆ. ಕಣ್ಣೆದುರಿಗೆ ವೇಗ, ದೂರ ಬೇಕೆಂದರೆ ಅಯಸ್ಕಾಂತದ ಸಾದಾ ಮೀಟರ್ ಸಾಕು. ಕೆಲವು ಸಾವಿರದಿಂದ ಅರ್ಧ ಲಕ್ಷ ದಾಟುವ ಜಿಪಿಎಸ್ ಕಂಪ್ಯೂಟರ್ ಬೇಕಾಗುವುದು ಮಳೆಗಾಲದಲ್ಲೂ ಬಿಡದೆ ತುಳಿಯುವವರಿಗೆ, ಬ್ರೆವೆಗೆ ಹೋಗುವವರಿಗೆ, ಪೆಡಲಿನ ಬಲ ಅಳೆದು ಅಭ್ಯಾಸ ಮಾಡುವ ಸ್ಪರ್ಧಿಗಳಿಗೆ. ಉಳಿದವರಿಗೆ ಅದು ಹವ್ಯಾಸದ ಖರ್ಚು, ತಪ್ಪೇನಿಲ್ಲ. ಅದು ತೋರಿಸುವ ಕ್ಯಾಲರಿ ಅಂಕಿಯನ್ನು ಮಾತ್ರ ನಂಬಿ ಕುಂದಾ ತಿನ್ನಬೇಡಿ. ಬಲಮಾಪಕ ಇಲ್ಲದಿದ್ದರೆ ಅದು ಬರೀ ಅಂದಾಜು.

ಬೆಳಗಾವಿಯವರಿಗೆ ಇನ್ನೊಂದು ಮಾತು. 2018ರ ಜನವರಿಯಲ್ಲಿ ಸ್ಟ್ರಾವಾದ ಜಾಗತಿಕ ನಕ್ಷೆಯಲ್ಲಿ ಸೈನಿಕರ ಓಟದ ಜಾಡುಗಳೇ ಹೊಳೆದು ಸೇನಾನೆಲೆಗಳ ಗುಟ್ಟು ಬಯಲಾಗಿತ್ತು. ಮರಾಠಾ ಲಘು ಪದಾತಿದಳದ ಕೇಂದ್ರವಿರುವ ದಂಡಿನ ಊರು ನಮ್ಮದು. ಫೋನಾಗಲಿ ಕಂಪ್ಯೂಟರಾಗಲಿ, ಮನೆಯ ಸುತ್ತಲಿನ ಜಾಡು ಮರೆಮಾಡುವ ಸೌಲಭ್ಯವನ್ನು ಮೊದಲ ದಿನವೇ ಬಳಸಿ.

ಒತ್ತಡಮಾಪಕ ಇರುವ ಯಂತ್ರ ಈಗಾಗಲೇ ಕೊಂಡಿದ್ದರೆ ಅದಕ್ಕೊಂದು ಖಚಿತ ಎತ್ತರ ಹೇಳಿಕೊಟ್ಟು ಹೊರಡಿ. ಅದಕ್ಕೆ ಇಂಟರ್‌ನೆಟ್ಟೂ ಬೇಡ. ಖಾನಾಪುರ ರೈಲು ನಿಲ್ದಾಣದ ಹಳದಿ ಫಲಕದಲ್ಲಿ ಊರ ಹೆಸರಿನ ಕೆಳಗೆ ಸಮುದ್ರಮಟ್ಟದಿಂದ ಎಷ್ಟು ಮೀಟರ್ ಎಂದು ಬರೆದಿರುತ್ತಾರೆ, ಬೆಳಗಾವಿಯಲ್ಲೂ ಲೋಂಡಾದಲ್ಲೂ ಹಾಗೆಯೇ. ಹೊರಡುವಾಗ ಆ ಅಂಕಿ ತುಂಬಿ, ಮರಳಿ ಅದೇ ಫಲಕದ ಹತ್ತಿರ ಬಂದು ನೋಡಿ. ಹೆಚ್ಚುಕಡಿಮೆ ಬಂದದ್ದರಲ್ಲಿ ದೊಡ್ಡ ಪಾಲು ಆ ದಿನದ ಹವಾಮಾನದ್ದು.