ಚಿಕ್ಕ ಮನೆಗೆ ಹೋಗುವಾಗ

ದೊಡ್ಡ ಮನೆ ಬಿಟ್ಟು ಚಿಕ್ಕ ಮನೆಗೆ ಹೋಗುವಾಗ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ಚಿಂತೆ ಸಹಜವಾದುದು. ಒಂದೊಂದನ್ನೂ ಕೈಗೆತ್ತಿಕೊಂಡು ಎರಡು ಪ್ರಶ್ನೆ ಕೇಳಿಕೊಳ್ಳಿರಿ: ಇದು ನಿತ್ಯದ ಬಳಕೆಗೆ ಬೇಕೆ? ಕಳೆದರೆ ಮತ್ತೆ ದೊರೆತೀತೆ?

ವರ್ಷಕ್ಕೊಮ್ಮೆ ಅಟ್ಟದಿಂದಿಳಿಯುವ ಹಂಡೆ, ಕೊಪ್ಪರಿಗೆಗಳನ್ನು ಬಂಧುಗಳಿಗೆ ಕೊಡಬಹುದು. ಬೇಕಾದಾಗ ಬಾಡಿಗೆಗೆ ಸಿಗುತ್ತವೆ. ಆದರೆ ಅದೇ ಅಟ್ಟದಲ್ಲಿರುವ ಓಲೆಗರಿಯ ಕಟ್ಟನ್ನು, ಅಜ್ಜನ ಕೈಬರಹದ ಕಡತವನ್ನು, ಓದಲು ಬಾರದೆಂದು ಹೊಳೆಗೆ ಬಿಡಬೇಡಿರಿ. ಅದರ ಇನ್ನೊಂದು ಪ್ರತಿ ಎಲ್ಲಿಯೂ ಇಲ್ಲದಿರಬಹುದು. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಕೊಟ್ಟ ಓಲೆಪ್ರತಿಯಿಂದಲೇ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಅಚ್ಚು ಮಾಡಿಸಿದರು.

ನಿಮ್ಮಲ್ಲಿ ಸ್ಥಳವಿಲ್ಲದಿದ್ದರೆ ಬಲ್ಲವರಿಗೆ ತೋರಿಸಿ, ಹಸ್ತಪ್ರತಿ ಭಂಡಾರಕ್ಕೆ ಒಪ್ಪಿಸಿರಿ.