ಅಮೆರಿಕದ ಬ್ಯಾಸ್ಕೆಟ್‌ಬಾಲ್: ಸಂಬಳ ಏರಿದಾಗ ಕಾಲೇಜುಗಳಿಗೆ ಆದದ್ದೇನು?

ಹೋದ ಸಂಚಿಕೆಯಲ್ಲಿ ನಮ್ಮ ಪಿ.ಟಿ. ಮೇಷ್ಟ್ರು ಬ್ಯಾಸ್ಕೆಟ್‌ಬಾಲ್ ಆಟದ ನಿಯಮಗಳನ್ನು ಬರೆದಿದ್ದರು. ಅದನ್ನು ಓದಿದವರಲ್ಲಿ ಹೆಚ್ಚಿನವರು ಕೇಳಿದ್ದು ನಿಯಮದ ವಿಷಯ ಅಲ್ಲ, "ಅಮೆರಿಕದಲ್ಲಿ ಇದನ್ನ ಆಡೋರಿಗೆ ಸಂಬಳ ಎಷ್ಟು ಕೊಡ್ತಾರೆ?" ಅಂತ. ಸಂಬಳ ಹೇಳ್ತೀನಿ. ಆದರೆ ಆ ಸಂಬಳದಿಂದ ಅಲ್ಲಿನ ಕಾಲೇಜುಗಳಲ್ಲಿ ಎದ್ದ ಗೊಂದಲ ನನಗೆ ಇನ್ನೂ ಸ್ವಾರಸ್ಯ ಅನ್ನಿಸಿತು. ಹಾಗಾಗಿ ಅದನ್ನೇ ಬರೆದಿದ್ದೇನೆ. ಲೆಕ್ಕ ಸ್ವಲ್ಪ ಜಾಸ್ತಿ ಇದೆ, ನಿಧಾನವಾಗಿ ಓದಿ.

ಅಮೆರಿಕದ ದೊಡ್ಡ ಲೀಗಿನ ಹೆಸರು ಎನ್.ಬಿ.ಎ. ಅದರಲ್ಲಿ 30 ತಂಡಗಳಿವೆ. ಸ್ಟೀಫನ್ ಕರಿ ಎಂಬ ಆಟಗಾರನಿಗೆ 2025-26ರ ಒಂದು ಸೀಸನ್ನಿಗೆ ಸುಮಾರು 5 ಕೋಟಿ 96 ಲಕ್ಷ ಡಾಲರ್ ಸಂಬಳ. ಡಾಲರಿಗೆ ಬರೀ 80 ರೂಪಾಯಿ ಅಂತ ಹಿಡಿದರೂ ಇದು 475 ಕೋಟಿ ರೂಪಾಯಿ ದಾಟುತ್ತೆ! ಮೊದಲು ಹೀಗಿರಲಿಲ್ಲ. ಒಂದು ತಂಡ ತನ್ನ ಎಲ್ಲಾ ಆಟಗಾರರಿಗೂ ಸೇರಿ ಇಷ್ಟರೊಳಗೆ ಸಂಬಳ ಕೊಡಬೇಕು ಅಂತ ಒಂದು ಮಿತಿ ಇರುತ್ತೆ. 1984-85ರಲ್ಲಿ ಆ ಮಿತಿ 36 ಲಕ್ಷ ಡಾಲರ್ ಇತ್ತು. 2025-26ಕ್ಕೆ ಅದು 15 ಕೋಟಿ 46 ಲಕ್ಷ ಡಾಲರ್ ಆಗಿದೆ. 2025ರಲ್ಲಿ ಮೊದಲನೆಯವನಾಗಿ ಆಯ್ಕೆಯಾದ ಕೂಪರ್ ಫ್ಲಾಗ್ ಎಂಬ 18 ವರ್ಷದ ಹುಡುಗನೊಬ್ಬನಿಗೇ ಮೊದಲ ವರ್ಷ ಸುಮಾರು 1 ಕೋಟಿ 38 ಲಕ್ಷ ಡಾಲರ್. ಅಂದರೆ ಆಗ ಇಡೀ ತಂಡಕ್ಕೆ ಇದ್ದ ಮಿತಿಯ ಹೆಚ್ಚೂ ಕಡಿಮೆ ನಾಲ್ಕು ಪಟ್ಟು ಇವನೊಬ್ಬನಿಗೆ. ಇದಕ್ಕೆಲ್ಲಾ ಮುಖ್ಯ ಕಾರಣ ಟಿ.ವಿ. ಹಣ. 2016ರಲ್ಲಿ ಹೊಸ ಟಿ.ವಿ. ಒಪ್ಪಂದ ಶುರುವಾದಾಗ ಒಂದೇ ವರ್ಷದಲ್ಲಿ ಆ ಮಿತಿ 7 ಕೋಟಿಯಿಂದ 9 ಕೋಟಿ 41 ಲಕ್ಷ ಡಾಲರಿಗೆ ಹಾರಿತು.

ಈಗ ಕಾಲೇಜಿಗೆ ಬರೋಣ. ಎನ್.ಬಿ.ಎ. ತಂಡಗಳಿಗೆ ಆಟಗಾರರು ತಯಾರಾಗಿ ಬರುತ್ತಿದ್ದದ್ದು ಕಾಲೇಜುಗಳಿಂದ. ಅಲ್ಲಿ ಕಾಲೇಜು ಆಟ ಅಂದ್ರೆ ನಮ್ಮ ತಾಲ್ಲೂಕು ಮಟ್ಟದ ಪಂದ್ಯದ ಹಾಗಲ್ಲ. ಕ್ರೀಡಾಂಗಣ ತುಂಬಿರುತ್ತೆ, ಟಿ.ವಿ.ಯಲ್ಲಿ ಬರುತ್ತೆ. ಕಾಲೇಜು ಆಟಗಳನ್ನು ನಡೆಸುವ ಸಂಸ್ಥೆಯ ಹೆಸರು ಎನ್.ಸಿ.ಎ.ಎ. ಅದರ ವಾರ್ಷಿಕ ಪಂದ್ಯಾವಳಿಯನ್ನು ತೋರಿಸೋದಕ್ಕೆ 2010ರಲ್ಲಿ ಟಿ.ವಿ. ಕಂಪನಿಗಳು 14 ವರ್ಷಕ್ಕೆ 1,080 ಕೋಟಿ ಡಾಲರ್ ಒಪ್ಪಿಕೊಂಡವು. ಇಷ್ಟು ಹಣ ಬಂದರೂ ಆಡುವ ಹುಡುಗರಿಗೆ ಸಂಬಳ ಇಲ್ಲ! ಫೀಸು, ರೂಮು, ಊಟ, ಪುಸ್ತಕ ಪುಕ್ಕಟೆ. ಅದಕ್ಕಿಂತ ಹೆಚ್ಚು ಮುಟ್ಟಿದರೆ ಆಟದಿಂದ ಹೊರಗೆ. 2021ರವರೆಗೂ ಸುಮಾರಾಗಿ ಇದೇ ಪದ್ಧತಿ. ಕೋಚುಗಳಿಗೆ ಮಾತ್ರ ಲಕ್ಷಗಟ್ಟಲೆ, ಕೆಲವರಿಗೆ ಕೋಟಿಗಟ್ಟಲೆ ಡಾಲರ್. ಇದು ನ್ಯಾಯವಾ ಅಂತ ನೀವೇ ಹೇಳಿ. ನನಗಂತೂ ಅಲ್ಲ ಅನ್ನಿಸುತ್ತೆ.

ಒಂದು ಕಾಲೇಜು ತಂಡಕ್ಕೆ ಆಗ 13 ವಿದ್ಯಾರ್ಥಿವೇತನ ಇರುತ್ತಿತ್ತು. ಆ 13 ಸೀಟಿಗೆ ಹುಡುಗರನ್ನು ಹುಡುಕುವುದೇ ಕೋಚಿನ ದೊಡ್ಡ ಕೆಲಸ. ಹೈಸ್ಕೂಲಿನಲ್ಲಿ ಚೆನ್ನಾಗಿ ಆಡೋ ಹುಡುಗನ ಪಂದ್ಯಕ್ಕೆ ಹೋಗಿ ಕೂತು ನೋಡ್ತಾರೆ, ಮನೆಗೆ ಹೋಗಿ ತಾಯಿಯ ಹತ್ತಿರ ಮಾತಾಡ್ತಾರೆ, "ನಿಮ್ಮ ಮಗನನ್ನ ನಮಗೆ ಕೊಡಿ, ಡಿಗ್ರಿ ಮಾಡಿಸಿ ಕಳಿಸ್ತೀವಿ" ಅಂತಾರೆ. ಹುಡುಗ ಒಪ್ಪಿ ಸಹಿ ಹಾಕಿದರೆ ಒಂದು ಸೀಟು ಅವನಿಗೆ ಮೀಸಲು. ಆ ಸೀಟಿಗೆ ಕಾದಿದ್ದ ಇನ್ನೊಬ್ಬ ಬೇರೆ ಕಾಲೇಜಿಗೆ ಹೋಗ್ತಾನೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಹಿಂದೆ ಹೈಸ್ಕೂಲು ಮುಗಿದು ನಾಲ್ಕು ವರ್ಷ ಆಗುವವರೆಗೆ ಎನ್.ಬಿ.ಎ.ಗೆ ಸೇರುವಂತಿರಲಿಲ್ಲ. ಸ್ಪೆನ್ಸರ್ ಹೇವುಡ್ ಎಂಬ ಆಟಗಾರನ ಮೊಕದ್ದಮೆಯಲ್ಲಿ 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅವನ ಕಡೆ ಹೇಳಿದ ಮೇಲೆ ಆ ಬೇಲಿ ಮುರಿಯಿತು. 1974ರಲ್ಲಿ ಮೋಸೆಸ್ ಮಲೋನ್ ಎಂಬ ಹುಡುಗ ಮೇರಿಲ್ಯಾಂಡ್ ವಿಶ್ವವಿದ್ಯಾಲಯಕ್ಕೆ ಸಹಿ ಹಾಕಿದ್ದವನು, ಕ್ಲಾಸಿಗೆ ಕಾಲಿಡುವ ಮುಂಚೆಯೇ ಎನ್.ಬಿ.ಎ.ಗೆ ಎದುರಾಳಿಯಾಗಿದ್ದ ಎ.ಬಿ.ಎ. ಎಂಬ ಲೀಗಿಗೆ ಹೊರಟುಹೋದ. 1975ರಲ್ಲಿ ಇಬ್ಬರು ಹೈಸ್ಕೂಲಿನಿಂದ ನೇರ ಎನ್.ಬಿ.ಎ. ಸೇರಿದರು. ಆಮೇಲೆ 20 ವರ್ಷ ಹಾಗೆ ಯಾರೂ ಆಯ್ಕೆಯಾಗಲಿಲ್ಲ. ಒಳ್ಳೊಳ್ಳೆ ಆಟಗಾರರೂ ಎರಡು ಮೂರು ವರ್ಷವಾದರೂ ಕಾಲೇಜಿನಲ್ಲಿ ಇರುತ್ತಿದ್ದರು. ಪ್ಯಾಟ್ರಿಕ್ ಎವಿಂಗ್ ಜಾರ್ಜ್‌ಟೌನಿನಲ್ಲಿ ನಾಲ್ಕು ವರ್ಷವೂ ಇದ್ದು 1985ರಲ್ಲಿ ಮೊದಲನೆಯವನಾಗಿ ಆಯ್ಕೆಯಾದ.

ಹಾಗಾದರೆ 1995ರಲ್ಲಿ ಏನಾಯಿತು? ಇಲ್ಲೇ ಸ್ವಾರಸ್ಯ ಇರೋದು. 1994ರಲ್ಲಿ ಮೊದಲನೆಯವನಾಗಿ ಆಯ್ಕೆಯಾದ ಗ್ಲೆನ್ ರಾಬಿನ್ಸನ್ ಒಂದು ಪಂದ್ಯವನ್ನೂ ಆಡದೆ 10 ವರ್ಷಕ್ಕೆ ಸುಮಾರು 6 ಕೋಟಿ 80 ಲಕ್ಷ ಡಾಲರಿನ ಒಪ್ಪಂದ ಮಾಡಿಸಿಕೊಂಡ. ತಂಡದ ಮಾಲೀಕರು ಬೆಚ್ಚಿಬಿದ್ದರು. ಹೊಸಬರಿಗೆ ಇಷ್ಟೊಂದು ಕೊಡಬಾರದು ಅಂತ 1995ರಲ್ಲಿ ಹೊಸ ನಿಯಮ ಬಂತು. ಮೊದಲ ಸುತ್ತಿನಲ್ಲಿ ಎಷ್ಟನೆಯವನಾಗಿ ಆಯ್ಕೆಯಾದರೆ ಎಷ್ಟು ಸಂಬಳ ಅಂತ ಪಟ್ಟಿ, ಒಪ್ಪಂದ ಮೂರೇ ವರ್ಷ. ಮೇಲ್ನೋಟಕ್ಕೆ ಏನನ್ನಿಸುತ್ತೆ? ಮೊದಲ ಸಂಬಳ ಕಡಿಮೆಯಾಯಿತಲ್ಲ, ಹುಡುಗರು ಇನ್ನೂ ಸ್ವಲ್ಪ ದಿನ ಕಾಲೇಜಿನಲ್ಲೇ ಇರ್ತಾರೆ ಅಂತ ತಾನೆ? ಆದದ್ದು ಉಲ್ಟಾ!

ಯಾಕೆ ಅಂದ್ರೆ, ದೊಡ್ಡ ಹಣ ಮೊದಲನೇ ಒಪ್ಪಂದದಿಂದ ಎರಡನೇ ಒಪ್ಪಂದಕ್ಕೆ ಜಾರಿತು. ಎರಡನೆಯದು ಬೇಗ ಬರಬೇಕಾದರೆ ಮೊದಲನೆಯದು ಬೇಗ ಶುರುವಾಗಬೇಕು. ಕಾಲೇಜಿನಲ್ಲಿ ಕಳೆದ ಒಂದೊಂದು ವರ್ಷವೂ ಆ ದೊಡ್ಡ ಹಣವನ್ನು ಒಂದೊಂದು ವರ್ಷ ಮುಂದಕ್ಕೆ ಹಾಕುತ್ತೆ. ನಮ್ಮ ಮೇಷ್ಟ್ರುಗಳಿಗೆ ಇದು ಚೆನ್ನಾಗಿ ಅರ್ಥವಾಗುತ್ತೆ, ಬೇಗ ನೌಕರಿಗೆ ಸೇರಿದವರಿಗೆ ಸೀನಿಯಾರಿಟಿ ಬೇಗ ಅಲ್ವಾ? ಅದೇ ವರ್ಷ, 1995ರಲ್ಲಿ, ಷಿಕಾಗೋದ ಹೈಸ್ಕೂಲಿನಿಂದ ಕೆವಿನ್ ಗಾರ್ನೆಟ್ ನೇರವಾಗಿ ಎನ್.ಬಿ.ಎ.ಗೆ ಬಂದ. 1997ರಲ್ಲಿ 21ನೇ ವಯಸ್ಸಿಗೆ ಅವನಿಗೆ ಎರಡನೇ ಒಪ್ಪಂದ ಸಿಕ್ಕಿತು: 6 ವರ್ಷಕ್ಕೆ 12 ಕೋಟಿ 60 ಲಕ್ಷ ಡಾಲರ್. ನಾಲ್ಕು ವರ್ಷ ಕಾಲೇಜಿಗೆ ಹೋಗಿದ್ದರೆ ಅವನು ಹೊರಗೆ ಬರುತ್ತಿದ್ದದ್ದೇ 1999ಕ್ಕೆ.

ಮಾಲೀಕರಿಗೆ ಮತ್ತೆ ಗಾಬರಿ. 1998ರ ಜುಲೈನಲ್ಲಿ ಲೀಗಿಗೇ ಬೀಗ ಹಾಕಿದರು. 1999ರ ಜನವರಿಯವರೆಗೆ ಬೀಗ ತೆಗೆಯಲಿಲ್ಲ, ಆ ವರ್ಷ ಒಂದೊಂದು ತಂಡ ಆಡಿದ್ದು 50 ಪಂದ್ಯ ಮಾತ್ರ. ಕೊನೆಗೆ ಒಬ್ಬೊಬ್ಬ ಆಟಗಾರನ ಸಂಬಳಕ್ಕೂ ಮಿತಿ ಬಂತು, ಅದೂ ಸರ್ವೀಸಿನ ಮೇಲೆ. ಆರು ವರ್ಷ ಸರ್ವೀಸಿನವರೆಗೆ ತಂಡದ ಮಿತಿಯಲ್ಲಿ ಸುಮಾರು ಶೇಕಡ 25, ಏಳರಿಂದ ಒಂಬತ್ತು ವರ್ಷಕ್ಕೆ 30, ಹತ್ತಾದರೆ 35. ಹೀಗೆ ಮಾಡಿ ಬೇಗ ಬರುವವನಿಗೆ ಇನ್ನೊಂದು ಆಸೆ ತೋರಿಸಿದ ಹಾಗಾಯಿತು.

ಇದರ ಏಟು ಬಿದ್ದದ್ದು ಕಾಲೇಜು ಕೋಚುಗಳಿಗೆ. 2004ರಲ್ಲಿ ಮೊದಲ ಸುತ್ತಿನಲ್ಲೇ ಎಂಟು ಹೈಸ್ಕೂಲು ಹುಡುಗರು ಆಯ್ಕೆಯಾದರು. ಅದರಲ್ಲಿ ಷಾನ್ ಲಿವಿಂಗ್‌ಸ್ಟನ್‌ಗೆ ಡ್ಯೂಕ್ ಕಾಯುತ್ತಿತ್ತು, ಜೆ.ಆರ್. ಸ್ಮಿತ್‌ಗೆ ನಾರ್ತ್ ಕ್ಯಾರೊಲೈನಾ, ಜಾಷ್ ಸ್ಮಿತ್‌ಗೆ ಇಂಡಿಯಾನಾ, ಸೆಬಾಸ್ಟಿಯನ್ ಟೆಲ್ಫೇರ್‌ಗೆ ಲೂಯಿವಿಲ್. ಎಲ್ಲರೂ ಬರ್ತೀವಿ ಅಂದವರೇ. ನಾನು ಹೇಳಿದ 13 ಸೀಟು ನೆನಪಿದೆಯಾ? ಹುಡುಗ ಕೈಕೊಡುವ ಹೊತ್ತಿಗೆ ಆ ಸೀಟಿಗೆ ಬರಬೇಕಿದ್ದ ಬೇರೆ ಒಳ್ಳೆ ಆಟಗಾರರೆಲ್ಲ ಬೇರೆ ಕಡೆ ಸೇರಿಯಾಗಿರುತ್ತೆ. ಮಾವಿನ ತೋಪನ್ನು ಹೂವಿನಲ್ಲೇ ಗುತ್ತಿಗೆ ಹಿಡಿದವನ ಹಾಗೆ ಕೋಚಿನ ಪರಿಸ್ಥಿತಿ. ಆಗ ಕೋಚುಗಳಿಗೆ ಹೊಸ ಲೆಕ್ಕ ಶುರುವಾಯಿತು: ಎಲ್ಲರಿಗಿಂತ ಚೆನ್ನಾಗಿ ಆಡುವವನನ್ನು ಕರೆದರೆ ಬಾರದೇ ಇರಬಹುದು, ಸ್ವಲ್ಪ ಕಡಿಮೆ ಆಡುವವನನ್ನು ಕರೆದರೆ ನಾಲ್ಕು ವರ್ಷ ಇರ್ತಾನೆ. ಯಾರನ್ನು ಕರೆಯೋದು?

ಹುಡುಗರ ಕಡೆಯಿಂದ ನೋಡಿದರೆ ಇದು ಇನ್ನೂ ಕಠಿಣ. 30 ತಂಡ, ತಂಡಕ್ಕೆ 15 ಜನ ಅಂದರೆ ಎನ್.ಬಿ.ಎ.ಯಲ್ಲಿ ಇರೋದು 450 ಜಾಗ. ಕಾಲೇಜುಗಳ ಮೇಲಿನ ದರ್ಜೆಯಲ್ಲೇ 350ಕ್ಕೂ ಹೆಚ್ಚು ತಂಡಗಳಿವೆ. 13ರಿಂದ ಗುಣಿಸಿ ನೋಡಿ, ನಾಲ್ಕೂವರೆ ಸಾವಿರ ದಾಟುತ್ತೆ. ವರ್ಷಕ್ಕೆ ಆಯ್ಕೆಯಾಗೋದು ಹೆಚ್ಚೆಂದರೆ 60 ಜನ, ಅದರಲ್ಲೂ ಗ್ಯಾರಂಟಿ ಸಂಬಳ ಇರೋದು ಮೊದಲ ಸುತ್ತಿನವರಿಗೆ. ಲೆನಿ ಕುಕ್ ಎಂಬ ನ್ಯೂಯಾರ್ಕ್ ಹುಡುಗ 2001ರಲ್ಲಿ ದೇಶದ ಅತ್ಯುತ್ತಮ ಹೈಸ್ಕೂಲು ಆಟಗಾರರಲ್ಲಿ ಒಬ್ಬ ಅಂತ ಹೆಸರು ಮಾಡಿದ್ದ. 2002ರಲ್ಲಿ ಕಾಲೇಜು ಬಿಟ್ಟು ನೇರ ಆಯ್ಕೆಗೆ ಹೆಸರು ಕೊಟ್ಟ. ಎರಡು ಸುತ್ತು ಮುಗಿದರೂ ಯಾರೂ ಅವನ ಹೆಸರು ಕೂಗಲಿಲ್ಲ. ಏಜೆಂಟನ್ನು ಗೊತ್ತು ಮಾಡಿಕೊಂಡವರಿಗೆ ಕಾಲೇಜು ಆಟದ ಬಾಗಿಲು ಮುಚ್ಚುವ ನಿಯಮ ಆಗ. ಹಾಗಾಗಿ ಅದೂ ಇಲ್ಲ, ಇದೂ ಇಲ್ಲ. ಫಿಲಿಪೈನ್ಸ್, ಚೀನಾ ಅಂತ ಅಲೆದ. ಎನ್.ಬಿ.ಎ.ಯಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಮರುವರ್ಷ, 2003ರಲ್ಲಿ, ಹೈಸ್ಕೂಲಿನಿಂದ ನೇರ ಬಂದ ಲೆಬ್ರಾನ್ ಜೇಮ್ಸ್ ಮೊದಲನೆಯವನಾಗಿ ಆಯ್ಕೆಯಾದ. ಜನ ಜೇಮ್ಸನ ಕಥೆಯನ್ನೇ ಹೇಳ್ತಾರೆ. ಕುಕ್‌ನ ಕಥೆಯನ್ನೂ ಜೊತೆಗೆ ಹೇಳಬೇಕು ಅಂತ ನನ್ನ ಅಭಿಪ್ರಾಯ.

2005ರಲ್ಲಿ ಇನ್ನೊಂದು ನಿಯಮ ಬಂತು. 19 ವರ್ಷ ತುಂಬುವ ವರ್ಷ ಆಗಿರಬೇಕು, ಅಮೆರಿಕದಲ್ಲಿ ಓದಿದವರಾದರೆ ಹೈಸ್ಕೂಲು ಮುಗಿದು ಒಂದು ವರ್ಷ ಕಳೆದಿರಬೇಕು. ಆಗ ಹುಡುಗರು ಕಾಲೇಜಿಗೆ ಬಂದರು, ಆದರೆ ಒಂದೇ ವರ್ಷಕ್ಕೆ! ಕೆವಿನ್ ಡುರಾಂಟ್ ಟೆಕ್ಸಾಸಿನಲ್ಲಿ ಒಂದು ವರ್ಷ ಆಡಿ 2007ರಲ್ಲಿ ಹೋದ. ಕೆಂಟಕಿಯ ಕೋಚ್ ಜಾನ್ ಕ್ಯಾಲಿಪರಿ ಇದನ್ನೇ ಪದ್ಧತಿ ಮಾಡಿಕೊಂಡರು. ಒಂದೇ ವರ್ಷ ಇದ್ದು ಹೋಗುವವರನ್ನೇ ಆರಿಸಿ ಕರೆಯೋದು, ಅವರು ಹೋದ ಮೇಲೆ ಮತ್ತೆ ಹೊಸಬರು. 2010ರಲ್ಲಿ ಆ ಒಂದು ಕಾಲೇಜಿನಿಂದಲೇ ಐವರು ಮೊದಲ ಸುತ್ತಿನಲ್ಲಿ ಆಯ್ಕೆಯಾದರು, 2012ರಲ್ಲಿ ಅದೇ ಕಾಲೇಜು ಚಾಂಪಿಯನ್. ನಾಲ್ಕು ವರ್ಷದ ಡಿಗ್ರಿ ಅಂತ ತಾಯಂದಿರಿಗೆ ಕೊಡುತ್ತಿದ್ದ ಮಾತು ಎಲ್ಲಿ ಹೋಯಿತೋ! ಈಗ ಕೋಚು ಹೇಳುವ ಮಾತೇ ಬೇರೆ: "ನಮ್ಮಲ್ಲಿಗೆ ಬಂದರೆ ಬೇಗ ಎನ್.ಬಿ.ಎ.ಗೆ ಕಳಿಸ್ತೀವಿ."

ಇದೇ ನಿಯಮದ ಕೆಳಗೆ ನಮ್ಮ ದೇಶದ ಒಬ್ಬನೂ ಬರ್ತಾನೆ. ಪಂಜಾಬಿನ ಬಲ್ಲೋ ಕೆ ಎಂಬ ಹಳ್ಳಿಯ ಸತ್ನಾಮ್ ಸಿಂಗ್ 2010ರಲ್ಲಿ ಫ್ಲಾರಿಡಾದ ಒಂದು ಕ್ರೀಡಾ ಶಾಲೆಗೆ ಹೋದ. ಹೈಸ್ಕೂಲು ಮುಗಿದ ಮೇಲೆ ಕಾಲೇಜು ಸೇರದೆ ಅಲ್ಲೇ ಇನ್ನೊಂದು ವರ್ಷ ಕಳೆದು, 2015ರಲ್ಲಿ ಡಲ್ಲಾಸ್ ತಂಡಕ್ಕೆ 52ನೆಯವನಾಗಿ ಆಯ್ಕೆಯಾದ. ಭಾರತದಲ್ಲಿ ಹುಟ್ಟಿ ಹೀಗೆ ಆಯ್ಕೆಯಾದವರಲ್ಲಿ ಅವನೇ ಮೊದಲಿಗ. ಆದರೆ ಎರಡನೇ ಸುತ್ತಿನವನಲ್ಲವೇ, ಎನ್.ಬಿ.ಎ. ಪಂದ್ಯದಲ್ಲಿ ಆಡುವ ಅವಕಾಶ ಸಿಗಲಿಲ್ಲ.

ಮುಂದೆ ಕೋಟಿ ದುಡಿಯುವ ಹುಡುಗ, ಈಗ ಕೈಯಲ್ಲಿ ಕಾಸಿಲ್ಲ. ಇಂಥ ಕಡೆ ಮೇಜಿನ ಕೆಳಗಿನ ವ್ಯವಹಾರ ಬಾರದೇ ಇರುತ್ತಾ? 2017ರ ಸೆಪ್ಟೆಂಬರಿನಲ್ಲಿ ಅಮೆರಿಕದ ಕೇಂದ್ರ ಪೊಲೀಸರಾದ ಎಫ್.ಬಿ.ಐ. 10 ಜನರ ಮೇಲೆ ಕೇಸು ಹಾಕಿತು. ಅವರಲ್ಲಿ ನಾಲ್ವರು ಕಾಲೇಜುಗಳ ಸಹಾಯಕ ಕೋಚುಗಳು. ಹುಡುಗ ಇಂಥದೇ ಕಾಲೇಜಿಗೆ ಸೇರಲಿ ಅಂತ ಮನೆಯವರಿಗೆ ಗುಟ್ಟಾಗಿ ಹಣ ಕೊಟ್ಟ ಕೇಸಿನಲ್ಲಿ ಅಡಿಡಾಸ್ ಶೂ ಕಂಪನಿಯ ಒಬ್ಬ ಅಧಿಕಾರಿ ಸೇರಿ ಮೂವರು ತಪ್ಪಿತಸ್ಥರು ಅಂತ 2018ರಲ್ಲಿ ತೀರ್ಪಾಯಿತು.

ಹೆಣ್ಣುಮಕ್ಕಳ ಆಟದಲ್ಲಿ ಬೇರೆಯೇ ಚಿತ್ರ. ಅಯೋವಾ ವಿಶ್ವವಿದ್ಯಾಲಯದ ಕೇಟ್ಲಿನ್ ಕ್ಲಾರ್ಕ್ ಪೂರ್ತಿ ನಾಲ್ಕು ವರ್ಷ ಕಾಲೇಜಿನಲ್ಲಿ ಆಡಿ 2024ರಲ್ಲಿ ಮೊದಲನೆಯವಳಾಗಿ ಆಯ್ಕೆಯಾದಳು. ಮೊದಲ ವರ್ಷದ ಸಂಬಳ 76,535 ಡಾಲರ್. ವಯಸ್ಸಿನ ನಿಯಮವೂ ಅಲ್ಲಿ ಬಿಗಿ, ಬೇಗ ಹೋಗಿ ಬಾಚಿಕೊಳ್ಳುವಂಥ ಹಣವೂ ಇರಲಿಲ್ಲ. ಹಾಗಾಗಿ ಕೋಚುಗಳು ನಾಲ್ಕು ವರ್ಷದ ಲೆಕ್ಕ ಹಾಕಿ ತಂಡ ಕಟ್ಟಬಹುದಾಗಿತ್ತು.

ಗಂಡುಮಕ್ಕಳ ಆಟದಲ್ಲಿ ಇತ್ತೀಚೆಗೆ ಗಾಳಿ ತಿರುಗಿದೆ. 2021ರ ಜೂನಿನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಾಧೀಶರು ಒಂದೇ ದನಿಯಲ್ಲಿ ಎನ್.ಸಿ.ಎ.ಎ. ವಿರುದ್ಧ ತೀರ್ಪು ಕೊಟ್ಟರು. ಮುಂದಿನ ತಿಂಗಳಿಂದಲೇ ಆಟಗಾರರು ತಮ್ಮ ಹೆಸರು, ಫೋಟೋ ಬಳಸಿ ಜಾಹೀರಾತಿನಿಂದ ಹಣ ಗಳಿಸಬಹುದು ಅಂತಾಯಿತು. 2025ರ ಜೂನಿನಲ್ಲಿ ಇನ್ನೊಂದು ಒಪ್ಪಂದಕ್ಕೆ ಕೋರ್ಟು ಒಪ್ಪಿಗೆ ಕೊಟ್ಟಿತು. ಅದರಂತೆ ಒಂದು ಕಾಲೇಜು 2025-26ರಲ್ಲಿ ತನ್ನ ಎಲ್ಲಾ ಆಟಗಳ ಆಟಗಾರರಿಗೂ ಸೇರಿ ಸುಮಾರು 2 ಕೋಟಿ 5 ಲಕ್ಷ ಡಾಲರಿನವರೆಗೆ ನೇರವಾಗಿಯೇ ಹಂಚಬಹುದು. ಎನ್.ಬಿ.ಎ.ಯಲ್ಲಿ ಅಂಚಿನಲ್ಲಿರುವ, ಅರ್ಧ ಚಿಕ್ಕ ಲೀಗಿನಲ್ಲಿ ಆಡುವ ಹುಡುಗನಿಗೆ ವರ್ಷಕ್ಕೆ ಸುಮಾರು 6 ಲಕ್ಷ ಡಾಲರ್. ಕಾಲೇಜಿನಲ್ಲೇ ಅದಕ್ಕಿಂತ ಹೆಚ್ಚು ಸಿಕ್ಕರೆ ಯಾಕೆ ಹೋಗ್ತಾನೆ? ಅವಧಿಗೆ ಮುಂಚೆ ಆಯ್ಕೆಗೆ ಹೆಸರು ಕೊಟ್ಟವರು 2021ರಲ್ಲಿ 353 ಜನ, 2025ರಲ್ಲಿ 106. (ಕೊರೊನಾ ಕಾರಣಕ್ಕೆ ಎಲ್ಲರಿಗೂ ಒಂದು ವರ್ಷ ಹೆಚ್ಚಿಗೆ ಕೊಟ್ಟಿದ್ದರಿಂದ 2021ರ ಸಂಖ್ಯೆ ಉಬ್ಬಿತ್ತು ಅನ್ನೋದನ್ನೂ ಹೇಳಬೇಕು.) ಹೈಸ್ಕೂಲು ಮುಗಿಸಿದ ಹುಡುಗರಿಗೆ ಸಂಬಳ ಕೊಟ್ಟು ಆಡಿಸಲು ಎನ್.ಬಿ.ಎ. 2020ರಲ್ಲಿ ಇಗ್ನೈಟ್ ಅಂತ ಒಂದು ತಂಡವನ್ನೇ ಮಾಡಿತ್ತು. ಕಾಲೇಜಿನಲ್ಲೇ ಹಣ ಸಿಗೋಕೆ ಶುರುವಾದ ಮೇಲೆ 2024ರಲ್ಲಿ ಅದನ್ನು ಮುಚ್ಚಿದರು.

ಕೂಪರ್ ಫ್ಲಾಗ್‌ನಂಥವರು ಈಗಲೂ ಒಂದೇ ವರ್ಷಕ್ಕೆ ಹೋಗ್ತಾರೆ, 1 ಕೋಟಿ 38 ಲಕ್ಷದ ಮುಂದೆ ಕಾಲೇಜಿನ ಹಣ ಯಾವ ಲೆಕ್ಕ. ಉಳಿಯುತ್ತಿರುವುದು ನಡುವಿನ ದರ್ಜೆಯವರು. ಇವರು ಕಾಲೇಜಿನಿಂದ ಕಾಲೇಜಿಗೆ ಸುಲಭವಾಗಿ ಬದಲಾಗಬಹುದು, ಹಾಗಾಗಿ ಸೀಸನ್ ಮುಗಿದ ಕೂಡಲೇ ಕೋಚು ಮೊದಲು ಓಲೈಸಬೇಕಾಗಿರೋದು ತನ್ನದೇ ತಂಡದ ಹುಡುಗರನ್ನ. ಆಮೇಲೆ ಬೇರೆ ಕಾಲೇಜಿನಲ್ಲಿ ಎರಡು ಮೂರು ವರ್ಷ ಆಡಿ ಪಳಗಿದವರನ್ನ ಹುಡುಕ್ತಾರೆ. ಹೈಸ್ಕೂಲಿನಿಂದ ಬರುವ ಸಾಧಾರಣ ಆಟಗಾರನ ಸರದಿ ಅದಾದ ಮೇಲೆ. 22, 23 ವರ್ಷದವರು ಕೂತಿರುವ ಸೀಟಿಗೆ 18ರ ಹುಡುಗ ಕಾಯಬೇಕು.